ಓದುಗರ ಪ್ರಶ್ನೆ: ಹಳೇ ಕ್ಯಾಸೆಟ್ಟಲ್ಲಿರೋ ಅಜ್ಜಿ ಮುಖ ಕ್ಲಿಯರ್ ಆಗುತ್ತಾ?

ಪ್ರಶ್ನೆ: ಸರ್, ನಮ್ಮಜ್ಜಿ ತೀರ್ಕೊಂಡು ತುಂಬಾ ವರ್ಷ ಆಯ್ತು. ಅವ್ರು ಮಾತಾಡಿರೋ ವಿಡಿಯೋ ಅಂತ ಇರೋದು ಒಂದೇ, ವಿಎಚ್‌ಎಸ್ ಕ್ಯಾಸೆಟ್ಟಲ್ಲಿದ್ದ ಹತ್ತು ನಿಮಿಷದ್ದು, ಕಂಪ್ಯೂಟರ್‌ಗೆ ಹಾಕಿಸ್ಕೊಂಡಿದೀವಿ. ಮುಖ ಮಬ್ಬು, ಕೈ ಆಡಿಸಿದ್ರೆ ಬಾಚಣಿಗೆ ಹಲ್ಲಿನ ಥರ ಗೆರೆ ಗೆರೆ ಬರುತ್ತೆ. ದುಡ್ಡು ಕೊಡ್ದೆ ಸಿಗೋ ಓಪನ್ ಸೋರ್ಸ್ ಎಐ ಟೂಲಲ್ಲಿ ಸರಿ ಮಾಡ್ಬಹುದಾ?

ಉತ್ತರ: ಮೊದ್ಲು ಆ ಫೈಲನ್ನ ಕಾಪಿ ಮಾಡಿ ಬೇರೆ ಎರಡು ಕಡೆ ಇಡಿ, ಕ್ಯಾಸೆಟ್ಟನ್ನೂ ಎಸೀಬೇಡಿ. ಆಮೇಲೆ ಎಐ ತನಕ ಹೋಗೋಕೆ ಮುಂಚೆ ಆ ಗೆರೆ ವಿಷ್ಯ ಮುಗಿಸ್ಬೇಕು, ಎಷ್ಟೋ ಜನ ಎಡವೋದು ಇಲ್ಲೇ. ಪಾಲ್ ಅಂದ್ರೆ ನಮ್ಮ ದೇಶದ ಹಳೇ ಟಿವಿ-ಕ್ಯಾಸೆಟ್ ವಿಡಿಯೋ ಪದ್ಧತಿ, ಅದ್ರಲ್ಲಿ ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಇರುತ್ತೆ, ಆದ್ರೆ ಒಂದೊಂದು ಫ್ರೇಮಲ್ಲೂ ಎರಡು ಅರ್ಧ ಚಿತ್ರ ಹೆಣ್ಕೊಂಡಿರುತ್ತೆ, ಒಂದು ಸಾಲು ಬಿಟ್ಟು ಒಂದು ಸಾಲು, ಎರಡೂ ಬೇರೆ ಬೇರೆ ಕ್ಷಣದ್ದು, ಅದಕ್ಕೇ ಕೈ ಆಡಿದಾಗ ಗೆರೆ ಕಾಣ್ಸೋದು. ಇದನ್ನ ಹಾಗೇ ಎಐಗೆ ಕೊಟ್ರೆ ಅದು ಆ ಗೆರೆಗಳೂ ಚಿತ್ರದ್ದೇ ಅಂದ್ಕೊಂಡು ಇನ್ನೂ ತೀಡಿ ಕೊಡುತ್ತೆ, ಆಮೇಲೆ ತೆಗಿಯೋಕಾಗಲ್ಲ. ಎಫ್‌ಎಫ್‌ಎಂಪೆಗ್ ಅನ್ನೋ ಉಚಿತ ವಿಡಿಯೋ ಸಾಫ್ಟ್‌ವೇರ್‌ನಲ್ಲಿ ಬಿಡಬ್ಲ್ಯೂಡಿಐಎಫ್ ಅಂತ ಒಂದು ಫಿಲ್ಟರ್ ಇದೆ, ಅದು ಎರಡೂ ಅರ್ಧ ಬಿಡಿಸಿ ಸೆಕೆಂಡಿಗೆ 50 ಪೂರ್ತಿ ಫ್ರೇಮ್ ಮಾಡುತ್ತೆ. ಇಷ್ಟಕ್ಕೇ ನಿಮಗೆ ವಿಡಿಯೋ ಅರ್ಧ ಸರಿಹೋಯ್ತು ಅನ್ಸುತ್ತೆ ನೋಡಿ.

ಆಮೇಲೆ ವಿಡಿಯೋ2ಎಕ್ಸ್, ನೀವು ಕೇಳಿದ ಥರದ ಓಪನ್ ಸೋರ್ಸ್ ಎಐ ಟೂಲ್. ಇದರೊಳಗೆ ಚಿತ್ರ ದೊಡ್ಡದು ಮಾಡೋ ಕೆಲ್ಸ ರಿಯಲ್-ಇಎಸ್‌ಆರ್‌ಗ್ಯಾನ್ ಅನ್ನೋ ಎಐ ಮಾಡೆಲ್ ಮಾಡುತ್ತೆ, 2021ರಲ್ಲಿ ಬಂದಿದ್ದು. ಒಳ್ಳೇ ಚಿತ್ರಗಳನ್ನ ಬೇಕಂತಲೇ ಮಬ್ಬು ಮಾಡಿ, ಕೊಳೆ ತುಂಬ್ಸಿ, ಮತ್ತೆ ಹಿಂದಿನ ಥರ ಮಾಡು ಅಂತ ಕಲ್ಸಿರ್ತಾರೆ. ಅಂದ್ರೆ ಅದು ಕೊಡೋದು ಕ್ಯಾಸೆಟ್ಟಲ್ಲಿ ಅಡಗಿದ್ದ ವಿವರ ಅಲ್ಲ, ಇಲ್ಲಿ ಹೀಗಿದ್ದಿರ್ಬಹುದು ಅನ್ನೋ ಊಹೆ. ಮಾಡೆಲ್ ಹೆಸರಲ್ಲಿ ಅನಿಮೆ ಅಂತಿದ್ರೆ ಮುಟ್ಬೇಡಿ, ಅದು ಕಾರ್ಟೂನ್‌ಗೆ ಮಾಡಿದ್ದು, ಮನುಷ್ಯರ ಚರ್ಮ ಮೇಣ ಮೆತ್ತಿದ ಹಾಗಾಗುತ್ತೆ. 4ಕೆ ಆಸೆನೂ ಬೇಡ, 720×576 ಇರೋದು 1440×1152 ಆದ್ರೆ ಸಾಕು, ಮಾಡೆಲ್ ನಾಲ್ಕು ಪಟ್ಟು ಕೊಟ್ರೆ ಅರ್ಧಕ್ಕೆ ಇಳಿಸ್ಕೊಳಿ. ಹತ್ತು ನಿಮಿಷ ಅಂದ್ರೆ ಈಗ 30,000 ಫ್ರೇಮ್, ಒಂದಕ್ಕೆ ಒಂದು ಸೆಕೆಂಡ್ ಹಿಡಿದ್ರೂ ಎಂಟು ಗಂಟೆ ಮೇಲಾಯ್ತು, ಹಾಗಾಗಿ ಅಜ್ಜಿ ಮುಖ ಹತ್ರದಿಂದ ಕಾಣೋ ಇಪ್ಪತ್ತು ಸೆಕೆಂಡ್ ಕತ್ತರಿಸ್ಕೊಂಡು ಮೊದ್ಲು ಅದ್ರ ಮೇಲೆ ಟ್ರೈ ಮಾಡಿ. ಧ್ವನಿ ಹಳೇ ಫೈಲಲ್ಲಿರೋದನ್ನೇ ಸೇರ್ಸಿ.

ಇನ್ನು ಮುಖ. ಜಿಎಫ್‌ಪಿಗ್ಯಾನ್, ಕೋಡ್‌ಫಾರ್ಮರ್ ಅಂತ ಮುಖಕ್ಕೇ ಇರೋ ಟೂಲ್‌ಗಳ ಹೆಸರು ನಿಮಗೆ ಯಾರಾದ್ರೂ ಹೇಳೇ ಹೇಳ್ತಾರೆ. ಇವು ಕಲ್ತಿರೋದು ಫ್ಲಿಕರ್ ಅನ್ನೋ ಫೋಟೋ ವೆಬ್‌ಸೈಟಿಂದ ತಗೊಂಡ 70,000 ಫೋಟೋಗಳಿಂದ, ಅದ್ರಲ್ಲಿ ನಿಮ್ಮಜ್ಜಿ ಇಲ್ಲ. ನಮ್ಮಪ್ಪನ ಹುಬ್ಬಿನ ಮೇಲೊಂದು ಗಾಯದ ಕಲೆ ಇತ್ತು, ಇಂಥದ್ದೇ ಒಂದು ಟೂಲಿಗೆ ಅವ್ರ ಹಳೇ ವಿಡಿಯೋ ಕೊಟ್ಟಾಗ ಕಲೆ ಹೋಯ್ತು, ಹಲ್ಲು ಸಾಲಾಗಿ ಬಂತು, ಮುಖ ಏನೋ ಸ್ಪಷ್ಟವಾಗಿತ್ತು ಆದ್ರೆ ಅಪ್ಪ ಇರ್ಲಿಲ್ಲ, ನೋಡಿ ಸಂಕಟ ಆಯ್ತು, ಅವತ್ತೇ ಆ ಫೈಲ್ ಅಳಿಸ್ದೆ. ಜೊತೆಗೆ ಫ್ರೇಮ್ ಫ್ರೇಮಿಗೂ ಬೇರೆ ಬೇರೆ ಊಹೆ ಮಾಡೋದ್ರಿಂದ ಮಾತಾಡುವಾಗ ಮುಖ ಅಲ್ಲಾಡುತ್ತೆ. ಬೇಕೇ ಬೇಕು ಅಂದ್ರೆ ಕೋಡ್‌ಫಾರ್ಮರ್‌ನಲ್ಲಿ 0ಯಿಂದ 1ರ ತನಕ ಒಂದು ಸೆಟ್ಟಿಂಗ್ ಇದೆ, 1ರ ಹತ್ರ ಇಟ್ಟಷ್ಟೂ ಮೂಲ ಮುಖಕ್ಕೆ ಅಂಟ್ಕೊಂಡಿರುತ್ತೆ. ನನ್ ಕೇಳಿದ್ರೆ ಅಜ್ಜಿ ಸ್ವಲ್ಪ ಮಬ್ಬಾಗೇ ಇರ್ಲಿ.

ಪ್ರಶ್ನೆ: ಸಿಸಿಟಿವಿಯಲ್ಲಿ ಒಂದು ಗಾಡಿ ನಂಬರ್ ಮಸುಕಾಗಿದೆ, ಇದೇ ಟೂಲಲ್ಲಿ ಓದ್ಬಹುದಾ?

ಉತ್ತರ: ದಯವಿಟ್ಟು ಬೇಡ. ನಂಬರ್ ಪ್ಲೇಟೇ ಹದಿನೈದು ಪಿಕ್ಸೆಲ್ ಅಗಲ ಇದ್ರೆ ಅಲ್ಲಿ ಅಕ್ಷರನೇ ಇಲ್ಲ, ಎಐ 3 ಅಥ್ವಾ 8 ಯಾವ್ದೋ ಒಂದು ಚೆನ್ನಾಗಿ ಬರ್ದು ಕೊಡುತ್ತೆ, ಸಂಬಂಧ ಇಲ್ದೋರ ಮೇಲೆ ಅನುಮಾನ ಬರುತ್ತೆ. ಗಾಡಿ ನಿಂತಿದ್ದ ಇಪ್ಪತ್ತು ಮೂವತ್ತು ಫ್ರೇಮ್ ಒಂದ್ರ ಮೇಲೊಂದು ಕೂರ್ಸಿ ಸರಾಸರಿ ತೆಗೆದ್ರೆ ಕಾಳು ಕಾಳು ಕಮ್ಮಿ ಆಗುತ್ತೆ, ಅದ್ರಲ್ಲಿ ಊಹೆ ಇಲ್ಲ. ಪೊಲೀಸರಿಗೆ ಮಾತ್ರ ರೆಕಾರ್ಡರ್‌ನಿಂದ ತೆಗ್ದ ಮೂಲ ಫೈಲನ್ನೇ ಕೊಡಿ, ಅದೂ ಬೇಗ, ಯಾಕಂದ್ರೆ ರೆಕಾರ್ಡರ್ ಡಿಸ್ಕ್ ತುಂಬಿದ ಹಾಗೆ ಹಳೇದನ್ನ ಅಳಿಸ್ಕೊಂಡು ಹೋಗುತ್ತೆ.