ರೊಂಡಾ ಕಣಿವೆಯಲ್ಲಿ ಮುತ್ತಜ್ಜನ ಜಾಡು

ನಮಸ್ಕಾರ. ತಮ್ಮ ಪತಿಯ ಮುತ್ತಜ್ಜ 1890ರ ದಶಕದಲ್ಲಿ ಇಂಗ್ಲೆಂಡಿನ ಸಾಮರ್‌ಸೆಟ್‌ನಿಂದ ವೇಲ್ಸ್‌ನ ರೊಂಡಾ ಕಣಿವೆಯ ಕಲ್ಲಿದ್ದಲು ಗಣಿಗೆ ಹೋದರೆಂದೂ, 1901ರ ಜನಗಣತಿಯಲ್ಲಿ ಅವರ ಹೆಸರು ಸಿಗುತ್ತಿಲ್ಲವೆಂದೂ ಬರೆದಿದ್ದೀರಿ. ಹೆಸರನ್ನು ಸದ್ಯಕ್ಕೆ ಬದಿಗಿಟ್ಟು, ವಯಸ್ಸು ಮತ್ತು ಹುಟ್ಟೂರನ್ನು ಮಾತ್ರ ಕೊಟ್ಟು ಹುಡುಕಿರಿ. ಮದುವೆಯಾಗದ ತರುಣರು ಹೆಚ್ಚಾಗಿ ಬೇರೊಂದು ಸಂಸಾರದ ಮನೆಯಲ್ಲಿ ಬಾಡಿಗೆ ಕೊಟ್ಟು ಇರುತ್ತಿದ್ದುದರಿಂದ, ಆ ಮನೆಯವರು ಹೇಳಿದಂತೆ ಹೆಸರು ದಾಖಲಾಗಿ ಕಾಗುಣಿತ ಕೆಟ್ಟಿರುವುದುಂಟು.

1911ರ ಗಣತಿಯ ನಮೂನೆ ನನಗೆ ಎಲ್ಲಕ್ಕಿಂತ ಅಮೂಲ್ಯವೆನಿಸುತ್ತದೆ. ಸಾಮಾನ್ಯವಾಗಿ ಮನೆಯ ಯಜಮಾನನೇ ಕೈಯಾರೆ ತುಂಬಿದ ಆ ಹಾಳೆಯಲ್ಲಿ ಮದುವೆಯಾಗಿ ಎಷ್ಟು ವರ್ಷವಾಯಿತು, ಎಷ್ಟು ಮಕ್ಕಳು ಹುಟ್ಟಿದರು, ಎಷ್ಟು ಮಂದಿ ತೀರಿಕೊಂಡರು ಎಂಬುದೂ ಇರುತ್ತದೆ. ಹಿರಿಯ ಮಗು ಸಾಮರ್‌ಸೆಟ್‌ನ ರ‍್ಯಾಡ್‌ಸ್ಟಾಕ್‌ನಲ್ಲಿ, ಮುಂದಿನದು ರೊಂಡಾದ ಟ್ರಿಯಾರ್ಕಿಯಲ್ಲಿ ಹುಟ್ಟಿದ್ದರೆ, ಸಂಸಾರ ವಲಸೆ ಬಂದದ್ದು ಬಹುಶಃ ಆ ಎರಡು ಜನನಗಳ ನಡುವೆ. 1921ರ ಗಣತಿಯಲ್ಲಿ ಕೆಲಸ ಕೊಟ್ಟವರ ಹೆಸರು, ಕೆಲಸದ ಸ್ಥಳವನ್ನೂ ಕೇಳಿದ್ದರಿಂದ ಗಣಿ ಯಾವುದೆಂದು ತಿಳಿಯಬಹುದು. 1931ರದು 1942ರ ಬೆಂಕಿಯಲ್ಲಿ ಸುಟ್ಟುಹೋಗಿದೆ.

ಗಣಿ ತಿಳಿದ ಮೇಲೆ ಕಾರ್ಡಿಫ್‌ನ ಗ್ಲಾಮೋರ್ಗನ್ ದಾಖಲೆಗೃಹಕ್ಕೆ ಬರೆದು, ಆ ಗಣಿಯ ದಾಖಲೆಗಳಿವೆಯೇ ಎಂದು ಕೇಳಿರಿ. ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದ ಜಾಲತಾಣದಲ್ಲಿ 1919ರವರೆಗಿನ ಪತ್ರಿಕೆಗಳನ್ನು ಉಚಿತವಾಗಿ ಓದಬಹುದು. 439 ಗಣಿಗಾರರು ಸತ್ತ 1913ರ ಸೆಂಗೆನಿತ್ ಸ್ಫೋಟದಂಥ ದುರಂತಗಳಷ್ಟೇ ಅಲ್ಲ, ಒಬ್ಬನೇ ಒಬ್ಬನ ಮೇಲೆ ಕಲ್ಲು ಕುಸಿದ ಸುದ್ದಿಯೂ ಎಷ್ಟೋ ಸಲ ಹೆಸರು, ಬೀದಿಯ ಸಮೇತ ಅಲ್ಲಿ ಸಿಗುತ್ತದೆ. ಮುತ್ತಜ್ಜನ ಹುಟ್ಟಿದ ವರ್ಷ ತಿಳಿಸಿದರೆ ನಾನೂ ಹುಡುಕಿ ನೋಡುತ್ತೇನೆ.