ಫೆನ್ಸಿಂಗ್‌ನಲ್ಲಿ ಪ್ಯಾರಿ ಮಾಡಿದಾಗೆಲ್ಲ (ಎದುರಾಳಿಯ ಏಟನ್ನು ಬ್ಲೇಡಿನಿಂದ ತಡೆದಾಗೆಲ್ಲ) ನನ್ನ ಫಾಯಿಲ್ ಕತ್ತಿ ಬಿಳಿ ಲೈಟ್ ತೋರಿಸುತ್ತದೆ, ತಪ್ಪು ಎಲ್ಲಿರಬಹುದು?

ಎದುರಾಳಿ ನಿಮ್ಮ ಬ್ಲೇಡಿಗೆ ಬಡಿದ ಕೂಡಲೇ ಬಿಳಿ ಲೈಟ್ ಬರುತ್ತಿದೆ, ಟಿಪ್ (ಬ್ಲೇಡಿನ ತುದಿಯ ಒತ್ತುಗುಂಡಿ) ಬಿಚ್ಚಿ ಎರಡು ಸಲ ಕ್ಲೀನ್ ಮಾಡಿದರೂ ಹೋಗಿಲ್ಲ ಅಂತ ಬರೆದಿದ್ದೀರಿ. ದಯವಿಟ್ಟು ಟಿಪ್ಪನ್ನು ಮೂರನೇ ಸಲ ಬಿಚ್ಚಬೇಡಿ. ಆ ಚಿಕ್ಕ ಸ್ಕ್ರೂಗಳ ತಲೆ ಸವೆದುಹೋದರೆ ಇನ್ನೊಂದು ತಲೆನೋವು. ಕ್ಲಬ್ಬಿನ ಆಯುಧಗಳನ್ನು ನಾನು ಹಲವು ವರ್ಷಗಳಿಂದ ರಿಪೇರಿ ಮಾಡುತ್ತಿದ್ದೇನೆ. ಬಡಿದಾಗ ಮಾತ್ರ ಬರುವ ಬಿಳಿ ಲೈಟಿಗೆ ಟಿಪ್ ಕಾರಣವಾಗಿದ್ದು ಕಡಿಮೆ.

ಫಾಯಿಲ್‌ನಲ್ಲಿ ಟಿಪ್ ಒತ್ತದೆ ಇರುವಾಗ ಸರ್ಕ್ಯೂಟ್ ಮುಚ್ಚಿರುತ್ತದೆ. ಒತ್ತಿದಾಗ ತೆರೆದುಕೊಳ್ಳುತ್ತದೆ. ಟಿಪ್ ಎದುರಾಳಿಯ ಲಾಮೆಗೆ (ಕರೆಂಟ್ ಹರಿಯುವ ಲೋಹದ ಜಾಕೆಟ್) ತಾಗದೆ ಸರ್ಕ್ಯೂಟ್ ಸುಮ್ನೆ ತೆರೆದುಕೊಂಡರೆ ಬಿಳಿ ಲೈಟ್, ಅಂದರೆ ಅಂಕವಿಲ್ಲದ ಹಿಟ್. ಲೈಟ್ ತೋರಿಸುವ ಮೆಷಿನ್ನಿಗೆ 13ರಿಂದ 15 ಮಿಲಿಸೆಕೆಂಡ್ ಸಂಪರ್ಕ ತಪ್ಪಿದರೆ ಸಾಕು, ಟಿಪ್ ಒತ್ತಿತು ಅಂತಲೇ ಲೆಕ್ಕ. ಈಗ ಕರೆಂಟ್ ಹೋಗುವ ದಾರಿ ನೋಡಿ. ಗಾರ್ಡಿನ (ಕೈ ಕಾಯುವ ಬಟ್ಟಲು) ಒಳಗಿನ ಸಾಕೆಟ್‌ನಿಂದ ಬ್ಲೇಡಿನ ಉದ್ದಕ್ಕೂ ಇರುವ ಸಣ್ಣ ಕಾಲುವೆಯಲ್ಲಿ ಅಂಟಿಸಿದ ವೈರ್ ಮೂಲಕ ತುದಿಗೆ ಹೋಗುತ್ತದೆ. ಅಲ್ಲಿ ಸ್ಪ್ರಿಂಗ್, ಟಿಪ್, ಬ್ಯಾರೆಲ್ (ಟಿಪ್ ಕೂರುವ ಚಿಕ್ಕ ಕೊಳವೆ). ವಾಪಸ್ ಬರುವುದಕ್ಕೆ ವೈರ್ ಇಲ್ಲ! ಬ್ಲೇಡಿನ ಉಕ್ಕೇ ದಾರಿ, ಆಮೇಲೆ ಗಾರ್ಡ್, ಆಮೇಲೆ ಸಾಕೆಟ್ ಕೂತಿರುವ ತಗಡು. ಎಲ್ಲರೂ ವೈರ್ ನೋಡುತ್ತಾರೆ, ಟಿಪ್ ನೋಡುತ್ತಾರೆ. ಈ ವಾಪಸ್ ದಾರಿಯನ್ನು ಯಾರೂ ನೋಡುವುದಿಲ್ಲ.

ಅದಕ್ಕೇ ಮೊದಲು ಹಿಡಿ ಬಿಗಿಯಾಗಿದೆಯಾ ನೋಡಿ. ಒಂದು ಕೈಯಲ್ಲಿ ಗಾರ್ಡ್, ಇನ್ನೊಂದರಲ್ಲಿ ಹಿಡಿ ಹಿಡಿದು ತಿರುಗಿಸಿ. ಕೂದಲೆಳೆಯಷ್ಟು ಅಲ್ಲಾಡಿದರೂ ಪ್ಯಾರಿಯ ಏಟಿಗೆ ಬ್ಲೇಡು, ಗಾರ್ಡು, ಸಾಕೆಟ್ ಒಂದು ಕ್ಷಣ ಬೇರೆಯಾಗುತ್ತವೆ. ನಟ್ ಬಿಗಿ ಮಾಡಿ. ಹೋಗದಿದ್ದರೆ ಹಿಡಿ ಬಿಚ್ಚಿ, ಬ್ಲೇಡು ಮತ್ತು ಸಾಕೆಟ್‌ನ ತಗಡು ಗಾರ್ಡಿಗೆ ತಾಗುವ ಜಾಗವನ್ನು ಸಣ್ಣ ಮರಳು ಕಾಗದದಿಂದ ಉಜ್ಜಿ. ಬೆವರಿನಿಂದ ಅಲ್ಲಿ ತುಕ್ಕು ಹಿಡಿದಿರುತ್ತದೆ. ನಾನು ಒಮ್ಮೆ ಹೊಸ ವೈರ್ ಪೂರ್ತಿ ಅಂಟಿಸಿ, ಒಂದು ರಾತ್ರಿ ಒಣಗಲು ಬಿಟ್ಟು, ಮಾರನೇ ದಿನ ಅದೇ ಬಿಳಿ ಲೈಟ್ ನೋಡಿದ್ದೇನೆ. ತುಕ್ಕು ಉಜ್ಜಿದ ಮೇಲೆ ಹೋಯಿತು.

ಬಾಡಿ ಕಾರ್ಡ್ (ಫಾಯಿಲನ್ನು ಮೆಷಿನ್ನಿನ ಕಡೆಗೆ ಜೋಡಿಸುವ, ಬಟ್ಟೆಯೊಳಗೆ ಹಾದುಹೋಗುವ ವೈರ್) ಬಗ್ಗೆ ನೀವು ಏನೂ ಬರೆದಿಲ್ಲ. ಸರಿಯಾಗಿರುವ ಬೇರೆ ಕಾರ್ಡ್ ಹಾಕಿ ಒಮ್ಮೆ ನೋಡಿ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ. ಕಾರ್ಡು, ಫಾಯಿಲ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದಿಲ್ಲ ಅಲ್ವಾ? ಕಾರ್ಡ್ ಒಳಗೆ ತುಂಡಾಗುವುದು ಹೆಚ್ಚಾಗಿ ಪ್ಲಗ್ಗಿನ ಪಕ್ಕದಲ್ಲೇ.

ಇನ್ನೂ ಬಿಳಿ ಬಂದರೆ ಮಲ್ಟಿಮೀಟರ್ ತೆಗೆದುಕೊಳ್ಳಿ. ಮೊದಲು ಎರಡು ಪ್ರೋಬ್ ಒಂದಕ್ಕೊಂದು ತಾಗಿಸಿ, ಬಂದ ಅಂಕಿಯನ್ನು ಆಮೇಲೆ ಕಳೆಯಿರಿ. ಫಾಯಿಲ್ ಸಾಕೆಟ್‌ನ ಎರಡು ಕಾಂಟ್ಯಾಕ್ಟ್‌ಗಳ ಮಧ್ಯೆ 2 ಓಮ್ ಒಳಗೆ ಇರಬೇಕು. ಬ್ಲೇಡನ್ನು ಎರಡೂ ಕಡೆಗೆ ನಿಧಾನವಾಗಿ ಬಗ್ಗಿಸಿ, ಗಾರ್ಡನ್ನು ಅಂಗೈಯಿಂದ ತಟ್ಟಿ. ಅಂಕಿ ಕುಣಿದರೆ ತಪ್ಪು ಫಾಯಿಲ್‌ನಲ್ಲೇ ಇದೆ.

ಆಗ ಹೀಗೆ ಮಾಡಿ. ವೈರ್ ಸೇರುವ ಕಾಂಟ್ಯಾಕ್ಟ್‌ಗೆ ಒಂದು ಪ್ರೋಬ್ ಕಚ್ಚಿಸಿ. ಇನ್ನೊಂದು ಪ್ರೋಬಿನಿಂದಲೇ ಟಿಪ್ಪನ್ನು ಒಳಗೆ ಒತ್ತಿ ಹಿಡಿಯಿರಿ. ಒತ್ತಿದಾಗ ಟಿಪ್ ಬ್ಯಾರೆಲ್‌ನಿಂದ ಬಿಟ್ಟುಕೊಂಡಿರುತ್ತದೆ, ಹಾಗಾಗಿ ಮೀಟರಿಗೆ ಈಗ ಕಾಣುವುದು ವೈರ್, ಸ್ಪ್ರಿಂಗ್, ಟಿಪ್ ಮಾತ್ರ. ಬಗ್ಗಿಸಿದಾಗಲೂ ಅಂಕಿ ನಿಂತಲ್ಲೇ ನಿಂತರೆ ವೈರ್ ಗಟ್ಟಿಯಾಗಿದೆ. ತಪ್ಪು ಬ್ಯಾರೆಲ್ಲಿನಲ್ಲೋ ವಾಪಸ್ ದಾರಿಯಲ್ಲೋ ಇದೆ. ಬ್ಯಾರೆಲ್ ಸಡಿಲವಾಗಿದೆಯಾ ನೋಡಿ. ಅಂಕಿ ಕುಣಿದರೆ ವೈರೇ. ಅದು ಬ್ಲೇಡು ಬಿಟ್ಟು ಗಾರ್ಡಿನ ಒಳಗೆ ತಿರುಗುವ ಜಾಗ ನೋಡಿ, ಗಾರ್ಡಿನೊಳಗಿನ ಮೆತ್ತನೆಯ ಪ್ಯಾಡಿನ ಕೆಳಗೆ ಜಜ್ಜಿಹೋಗಿರಬಹುದು. ಅಲ್ಲಿ ಅಲ್ಲದಿದ್ದರೆ ಹೊಸ ವೈರ್ ಹಾಕುವುದೇ ಒಳ್ಳೆಯದು.

ಟಿಪ್ ಸ್ಪ್ರಿಂಗನ್ನೂ ಒಮ್ಮೆ ಪರೀಕ್ಷಿಸಿ. ಫಾಯಿಲ್ ನೆಟ್ಟಗೆ ನಿಲ್ಲಿಸಿ 500 ಗ್ರಾಂ ತೂಕ ಇಟ್ಟು ಒತ್ತಿ ಬಿಟ್ಟರೆ, ಸ್ಪ್ರಿಂಗ್ ಆ ತೂಕವನ್ನು ಮೇಲೆತ್ತಬೇಕು. ಎತ್ತದಿದ್ದರೆ ಏಟಿನ ಅದುರಿಗೇ ಟಿಪ್ ಕುಸಿಯಬಹುದು. ಸ್ಪ್ರಿಂಗ್ ಬದಲಿಸಿದರೆ ಮುಗಿಯಿತು.

ಇನ್ನೊಂದು ಮಾತು. ವೈರಿನ ಹೊದಿಕೆ ಸವೆದು ಅದು ಗಾರ್ಡಿಗೆ ತಾಗಿದರೆ ನಿಮಗೆ ಬಿಳಿ ಲೈಟ್ ಬರುವುದೇ ಇಲ್ಲ. ಬಣ್ಣದ ಲೈಟೂ ಬರುವುದಿಲ್ಲ. ಟಿಪ್ ಎಷ್ಟೇ ಒತ್ತಿದರೂ ಸರ್ಕ್ಯೂಟ್ ಮುಚ್ಚಿಯೇ ಇರುತ್ತದೆ. ಈ ತಪ್ಪು ಜಾಸ್ತಿ ಮೋಸ ಮಾಡುತ್ತದೆ, ಏಕೆಂದರೆ ಫಾಯಿಲ್ ಸರಿಯಾಗಿದೆ ಅನ್ನಿಸುತ್ತದೆ, ನಿಮ್ಮ ಒಳ್ಳೆಯ ಹಿಟ್‌ಗಳು ಮಾತ್ರ ಕಾಣೆಯಾಗುತ್ತವೆ. ರಿಪೇರಿ ಮಾಡಿದ ಮೇಲೆ ಟಿಪ್ ಒತ್ತಿದಾಗ ಸರ್ಕ್ಯೂಟ್ ಪೂರ್ತಿ ತೆರೆದುಕೊಳ್ಳುತ್ತದೆಯಾ ಅಂತ ಅದಕ್ಕೇ ಮೀಟರಿನಲ್ಲಿ ನೋಡಬೇಕು. ಫೆನ್ಸಿಂಗ್‌ನ ಇನ್ನೊಂದು ಕತ್ತಿಯಾದ ಎಪೆಯಲ್ಲಿ ಇದೆಲ್ಲ ಉಲ್ಟಾ. ಅಲ್ಲಿ ಒತ್ತಿದಾಗ ಸರ್ಕ್ಯೂಟ್ ಮುಚ್ಚುತ್ತದೆ, ವೈರ್ ತುಂಡಾದರೆ ಹಿಟ್ ಬರುವುದಿಲ್ಲ. ನಿಮ್ಮ ಕ್ಲಬ್ಬಿನ ಎಪೆ ಆಟಗಾರರ ಸಲಹೆ ಕೇಳುವಾಗ ಇದು ನೆನಪಿರಲಿ.

ಟಿಪ್ ಒತ್ತಿ ಹಿಡಿದು ಬಗ್ಗಿಸಿದಾಗ ಮೀಟರ್ ಏನು ತೋರಿಸಿತು ಅಂತ ಇಲ್ಲೇ ಬರೆಯಿರಿ, ಮುಂದೆ ನೋಡೋಣ.