ತಗ್ಗಿಸಿದ ಮಾಜ್ದಾ ಎಂಎಕ್ಸ್-5 ತಿರುವಿನಲ್ಲಿ ಹಿಡಿತ ಬಿಡುವುದೇಕೆ?

ನೀವು ಕೊಂಡ 2001ರ ಎಂಎಕ್ಸ್-5 ಸ್ಪೋರ್ಟ್ಸ್ ಕಾರನ್ನು ಹಿಂದಿನ ಮಾಲೀಕರು ನೆಲಕ್ಕೆ ಹತ್ತಿರವಾಗುವಂತೆ ತಗ್ಗಿಸಿದ್ದರೆಂದೂ, ತಿರುವಿನ ನಡುವೆ ಉಬ್ಬು ಸಿಕ್ಕರೆ ಹಿಂಭಾಗ ಥಟ್ಟನೆ ಪಕ್ಕಕ್ಕೆ ಜಾರುತ್ತದೆಂದೂ ಬರೆದಿದ್ದೀರಿ. ದುಬಾರಿ ಬಿಡಿಭಾಗಗಳನ್ನು ಕೊಳ್ಳುವ ಮುನ್ನ ದಯವಿಟ್ಟು ಬಂಪ್ ಸ್ಟಾಪ್‌ಗಳನ್ನು, ಅಂದರೆ ಸಸ್ಪೆನ್ಷನ್ ಮಿತಿಮೀರಿ ಕುಗ್ಗದಂತೆ ತಡೆಯುವ ಮೆತ್ತೆಗಳನ್ನು, ನೋಡಿ. ಹಳೆಯ ಶಾಕ್ ಅಬ್ಸಾರ್ಬರ್‌ಗಳನ್ನೇ ಉಳಿಸಿಕೊಂಡು ಗಿಡ್ಡ ಸ್ಪ್ರಿಂಗ್ ಕೂರಿಸಿದಾಗ ಸಸ್ಪೆನ್ಷನ್ ಕುಗ್ಗಲು ಉಳಿಯುವ ಜಾಗ ತೀರ ಕಡಿಮೆಯಾಗಿ, ಕಾರು ತುಸು ವಾಲಿದೊಡನೆ ಆ ತಡೆಗೆ ತಾಗುತ್ತದೆ; ಆ ಕ್ಷಣ ಬಿಗಿತ ಒಮ್ಮೆಲೇ ಏರುವುದರಿಂದ ಟೈರು ಹಿಡಿತ ಕಳೆದುಕೊಳ್ಳುತ್ತದೆ. ಶಾಕ್‌ನ ರಾಡಿನ ಬುಡಕ್ಕೆ ಕೇಬಲ್ ಟೈ ಒಂದನ್ನು ಕಟ್ಟಿ, ಎಂದಿನ ದಾರಿಯಲ್ಲಿ ಓಡಿಸಿ ಬನ್ನಿ. ಅದು ಬಂಪ್ ಸ್ಟಾಪ್‌ವರೆಗೂ ಸರಿದಿದ್ದರೆ ನನ್ನ ಅನುಮಾನ ನಿಜವೆಂದೇ ತಿಳಿಯಿರಿ.

ಟೈರಿನ ಬದಿಯಲ್ಲಿ ತಯಾರಾದ ವಾರ ಮತ್ತು ವರ್ಷ ತಿಳಿಸುವ ನಾಲ್ಕು ಅಂಕಿಗಳನ್ನೂ ಓದಿ. 2314 ಎಂದಿದ್ದರೆ ಅದು 2014ರ 23ನೆಯ ವಾರದ ಟೈರು. ಅಷ್ಟು ಹಳೆಯ, ಗಟ್ಟಿಯಾದ ರಬ್ಬರನ್ನು ಮೊದಲು ಬದಲಿಸಬೇಕು.

ಅನಂತರವೇ ನಾಲ್ಕೂ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ. ಈ ಕಾರಿನಲ್ಲಿ ಹಿಂದಿನ ಚಕ್ರಗಳ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆ) ಮತ್ತು ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ಮುಖಮಾಡಿರುವುದು) ಎರಡನ್ನೂ ಹೊಂದಿಸಬಹುದು; ಹಿಂದಿನ ಚಕ್ರಗಳ ಮುಂಭಾಗ ಹೊರಮುಖವಾಗಿದ್ದರೆ ಎಷ್ಟೇ ಒಳ್ಳೆಯ ಶಾಕ್ ಹಾಕಿದರೂ ಕಾರು ನಂಬಿಕೆಗೆ ಅರ್ಹವಾಗದು. ಹೊಂದಾಣಿಕೆಯ ಬೋಲ್ಟ್‌ಗಳು ತುಕ್ಕಿನಿಂದ ಕಚ್ಚಿಕೊಂಡಿರುವುದು ಸಾಮಾನ್ಯವಾದ್ದರಿಂದ, ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ.